ಪಾಷಾಣದ ಸಾಕ್ಷಿ: ಅದಿರು ಪರೀಕ್ಷೆಯಿಂದ ವಿಧಿವಿಜ್ಞಾನದವರೆಗೆ

ಕನ್ನಡದಲ್ಲಿ ‘ಪಾಷಾಣ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು ಕಲ್ಲು, ಇನ್ನೊಂದು ವಿಷ. ಸಂಸ್ಕೃತದಿಂದ ಬಂದ ಈ ಪದಕ್ಕೆ ಮೊದಲ ಅರ್ಥ ಕಲ್ಲು ಎಂದೇ. ಆದರೆ ನಮ್ಮೂರಿನಲ್ಲಿ ಯಾರಾದರೂ ಪಾಷಾಣ ಎಂದರೆ ಕೇಳಿದವರಿಗೆ ಹೊಳೆಯುವುದು ವಿಷ. ಕಲ್ಲಿನ ಹೆಸರು ವಿಷಕ್ಕೆ ಅಂಟಿಕೊಂಡದ್ದಕ್ಕೆ ಕಾರಣವಿದೆ. ಹಿಂದಿನ ಕಾಲದ ಹೆಸರಾಂತ ವಿಷಗಳಲ್ಲಿ ಮುಖ್ಯವಾದ ಆರ್ಸೆನಿಕ್ ಬರುತ್ತಿದ್ದದ್ದು ಅದಿರಿನಿಂದ. ಹಳದಿ ಬಣ್ಣದ ಹರಿತಾಳ, ಕೆಂಪು ಬಣ್ಣದ ಮನಶ್ಶಿಲೆ, ಬಿಳಿಯ ಶಂಖಪಾಷಾಣ, ಈ ಮೂರೂ ಆರ್ಸೆನಿಕ್ಕಿನ ರೂಪಗಳೇ. ಹರಿತಾಳವನ್ನು ಚಿತ್ರಗಾರರು ಬಣ್ಣಕ್ಕೆ, ವೈದ್ಯರು ಔಷಧಕ್ಕೆ ಬಳಸಿದರು. ಶಂಖಪಾಷಾಣವನ್ನು ಜನ ಇಲಿ ಕೊಲ್ಲಲು ಬಳಸಿದರು. ಕೆಲವರು ಮನುಷ್ಯರನ್ನು ಕೊಲ್ಲಲೂ ಬಳಸಿದರು.

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನಾನು ಈ ವಿಷಯವನ್ನೇ ಆರಿಸಿಕೊಂಡೆ. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಾನು ಭೂವಿಜ್ಞಾನಿಯೂ ಅಲ್ಲ, ಪೊಲೀಸ್ ಇಲಾಖೆಯವನೂ ಅಲ್ಲ. ಆದರೆ ಸಂಡೂರು ಸೀಮೆಯ ಕೆಂಪು ಧೂಳಿನಲ್ಲಿ ಬೆಳೆದ ನನಗೆ ಅದಿರಿನ ಮೇಲೆ ಆಸಕ್ತಿ ಮೊದಲಿನಿಂದಲೂ ಇದೆ. ನಾವು ಹೈಸ್ಕೂಲಿನಲ್ಲಿದ್ದ ವರ್ಷಗಳಲ್ಲಿ ರಸ್ತೆಯ ತುಂಬ ಅದಿರು ಲಾರಿಗಳು. ‘ಲಂಪ್ಸ್’, ‘ಫೈನ್ಸ್’, ‘ಗ್ರೇಡ್’ ಎಂಬ ಮಾತುಗಳು ಚಹಾ ಅಂಗಡಿಯಲ್ಲೂ ಕೇಳಿಬರುತ್ತಿದ್ದವು. ಕಲ್ಲಿನಲ್ಲಿ ಏನಿದೆ ಎಂದು ಪತ್ತೆ ಹಚ್ಚುವ ವಿದ್ಯೆಯೂ, ಕೊಲೆಯ ಸತ್ಯವನ್ನು ಪತ್ತೆ ಹಚ್ಚುವ ವಿದ್ಯೆಯೂ ಹತ್ತಿರದ ಬಂಧುಗಳು ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ, ಪುಸ್ತಕಗಳನ್ನು ಓದಿ. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಬಣ್ಣವನ್ನು ನಂಬಬೇಡಿ

ಅದಿರು ಗುರುತಿಸುವವರ ಮೊದಲ ಪಾಠ: ಹೊರಗಿನ ಬಣ್ಣವನ್ನು ನಂಬಬಾರದು. ನಮ್ಮ ಭಾಗದ ಕಬ್ಬಿಣದ ಅದಿರಾದ ಹೆಮಟೈಟ್ ಎಷ್ಟೋ ಸಲ ಕಪ್ಪಾಗಿ, ಉಕ್ಕಿನಂತೆ ಬೂದು ಬಣ್ಣದಲ್ಲಿ ಹೊಳೆಯುತ್ತದೆ. ಆದರೆ ಹೊಳಪು ಲೇಪಿಸದ ಬಿಳಿ ಹೆಂಚಿನ ಹಿಂಬದಿಗೆ ಅದನ್ನು ಉಜ್ಜಿದರೆ ಕೆಮ್ಮಣ್ಣಿನ ಬಣ್ಣದ ಗೀರು ಬೀಳುತ್ತದೆ. ನೋಡಲು ಅದರಂತೆಯೇ ಕಪ್ಪಗಿರುವ ಮ್ಯಾಗ್ನಟೈಟ್ ಉಜ್ಜಿದರೆ ಗೀರು ಕಪ್ಪು, ಜೊತೆಗೆ ಅದು ಅಯಸ್ಕಾಂತಕ್ಕೆ ಅಂಟುತ್ತದೆ. ಮ್ಯಾಂಗನೀಸ್ ಅದಿರು ಪೈರೊಲುಸೈಟ್ ಮುಟ್ಟಿದರೆ ಬೆರಳಿಗೆ ಮಸಿ ಹತ್ತುತ್ತದೆ. ಬಂಗಾರದಂತೆ ಹೊಳೆದು ಮರುಳು ಮಾಡುವ ಪೈರೈಟ್ ಬಿಡುವ ಗೀರು ಹಸಿರು ಮಿಶ್ರಿತ ಕಪ್ಪು. ನಿಜವಾದ ಬಂಗಾರದ ಗೀರು ಮಾತ್ರ ಬಂಗಾರದ ಬಣ್ಣವೇ.

ಇದು ನಮ್ಮವರಿಗೆ ಹೊಸದಲ್ಲ. ಅಕ್ಕಸಾಲಿಗರ ಒರೆಗಲ್ಲು ಮಾಡುವುದೂ ಇದೇ ಕೆಲಸ. ಯಾವುದೇ ಮಾತನ್ನು ‘ಒರೆಗೆ ಹಚ್ಚಿ ನೋಡು’ ಎನ್ನುವ ರೂಢಿ ನಮ್ಮಲ್ಲಿ ಬಂದದ್ದು ಅಲ್ಲಿಂದಲೇ.

ಎರಡನೆಯದು ತೂಕ. ಒಂದೇ ಗಾತ್ರದ ಎರಡು ಕಲ್ಲುಗಳನ್ನು ಎರಡು ಕೈಯಲ್ಲಿ ಹಿಡಿದರೆ ಲೋಹವಿರುವ ಕಲ್ಲು ಕೈಯನ್ನು ಕೆಳಗೆಳೆಯುತ್ತದೆ. ಬಿಳಿಗಲ್ಲು, ಅಂದರೆ ಕ್ವಾರ್ಟ್ಜ್, ನೀರಿಗಿಂತ ಸುಮಾರು 2.65 ಪಟ್ಟು ಭಾರ. ಹೆಮಟೈಟ್ ಸುಮಾರು 5 ಪಟ್ಟು, ಸೀಸದ ಅದಿರು ಗೆಲೀನಾ 7.5 ಪಟ್ಟು, ಅಪ್ಪಟ ಬಂಗಾರ 19.3 ಪಟ್ಟು. ಮೂರನೆಯದು ಗಡಸುತನ. ಬಂಗಾರದ ಮೇಲೆ ಚಾಕುವಿನಿಂದ ಗೀರಬಹುದು, ಪೈರೈಟ್ ಮೇಲೆ ಚಾಕು ಜಾರುತ್ತದೆ. ಕೊನೆಯದು ಬೆಂಕಿ. ಬೆಂಕಿಗೆ ಹಾಕಿದಾಗ ಕಲ್ಲು ಬಿಡುವ ಹೊಗೆ, ಜ್ವಾಲೆಯ ಬಣ್ಣ, ವಾಸನೆ ಇವೆಲ್ಲ ಒಳಗಿನ ಲೋಹದ ಗುಟ್ಟು ಹೇಳುತ್ತವೆ.

ಮೈಸೂರಿನಲ್ಲಿ ಸಿಕ್ಕ ಪುಸ್ತಕ

ಈ ಎರಡೂ ವಿದ್ಯೆಗಳು ಒಂದೇ ಪುಸ್ತಕದಲ್ಲಿ ಸಿಗುತ್ತವೆ. ಅದು ಕೌಟಿಲ್ಯನ ಅರ್ಥಶಾಸ್ತ್ರ. ಬಹುಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿದವರು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅವರು ಮೂಲ ಸಂಸ್ಕೃತ ಪಠ್ಯವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಅದರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಜಗತ್ತಿಗೆ ಈ ಗ್ರಂಥ ಮರಳಿ ಸಿಕ್ಕಿದ್ದು ನಮ್ಮ ನಾಡಿನಿಂದ ಎಂಬುದು ನಾವು ಹೆಮ್ಮೆ ಪಡಬೇಕಾದ ಸಂಗತಿ.

ಅದರ ಎರಡನೆಯ ಅಧಿಕರಣದಲ್ಲಿ ಗಣಿಗಳ ಅಧ್ಯಕ್ಷನ ಕರ್ತವ್ಯಗಳಿವೆ. ಬಂಗಾರವಿರುವ ಬೆಟ್ಟದಿಂದ ಒಸರುವ ರಸದ ಬಣ್ಣವನ್ನು ನೇರಳೆ, ಮಾವು, ಅರಿಶಿನ, ಬೆಲ್ಲ, ಹರಿತಾಳ, ಮನಶ್ಶಿಲೆ, ಜೇನು ಇವುಗಳಿಗೆ ಹೋಲಿಸಲಾಗಿದೆ. ಅದಿರು ಹೆಚ್ಚು ಭಾರವಿದ್ದಷ್ಟೂ ಅದರಲ್ಲಿ ಲೋಹದ ಸತ್ವ ಹೆಚ್ಚು ಎಂಬ ನಿಯಮವೂ ಅಲ್ಲಿದೆ.

ಅದೇ ಗ್ರಂಥದ ನಾಲ್ಕನೆಯ ಅಧಿಕರಣದಲ್ಲಿ ಹಠಾತ್ತಾಗಿ ಸತ್ತವರ ದೇಹವನ್ನು ಪರೀಕ್ಷಿಸುವ ಅಧ್ಯಾಯವಿದೆ. ನೇಣು ಹಾಕಿದ್ದೋ, ನೀರಿನಲ್ಲಿ ಮುಳುಗಿಸಿದ್ದೋ, ವಿಷವಿಕ್ಕಿದ್ದೋ ಎಂಬುದನ್ನು ಗುರುತುಗಳಿಂದ ತಿಳಿಯುವ ಕ್ರಮವನ್ನು ಅದು ಹೇಳುತ್ತದೆ. ವಿಷದ ಅನುಮಾನವಿದ್ದರೆ ದೇಹದೊಳಗಿಂದ ತೆಗೆದ ಭಾಗವನ್ನು ಬೆಂಕಿಗೆ ಹಾಕಬೇಕು. ಅದು ಚಿಟಚಿಟ ಸದ್ದು ಮಾಡಿದರೆ ಅಥವಾ ಕಾಮನಬಿಲ್ಲಿನ ಬಣ್ಣ ತೋರಿದರೆ ವಿಷವಿದೆ ಎಂದು ತಿಳಿಯಬೇಕು. ಅದಿರನ್ನು ಬೆಂಕಿಗೆ ಹಾಕಿ ನೋಡುವ ಕಣ್ಣೇ ಇಲ್ಲಿ ಹೆಣದ ಮುಂದೆಯೂ ನಿಂತಿದೆ.

ಈ ಪರೀಕ್ಷೆಯಲ್ಲಿ ಒಂದು ಕೊರತೆಯೂ ಇದೆ. ಉಪ್ಪು ಬೆರೆತರೂ ಬೆಂಕಿ ಚಿಟಗುಟ್ಟುತ್ತದೆ. ಹಾಗಾದರೆ ಆ ಸದ್ದು ವಿಷದ್ದೇ ಎಂದು ಹೇಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಬಂದದ್ದು ಇನ್ನೊಂದು ದೇಶದ ಗಣಿಗಳಿಂದ.

ಸೀಸಕ್ಕೂ ಪರೀಕ್ಷೆ

ಜರ್ಮನಿಯ ಜಾರ್ಜಿಯಸ್ ಅಗ್ರಿಕೋಲಾ ವೈದ್ಯನಾಗಿದ್ದ. ಗಣಿಯೂರುಗಳಲ್ಲಿ ವೈದ್ಯಕೀಯ ಮಾಡುತ್ತ ಗಣಿ ಕೆಲಸವನ್ನೆಲ್ಲ ಹತ್ತಿರದಿಂದ ನೋಡಿ ಲ್ಯಾಟಿನ್ ಭಾಷೆಯಲ್ಲಿ ‘ಡಿ ರೆ ಮೆಟಾಲಿಕಾ’ ಎಂಬ ದೊಡ್ಡ ಗ್ರಂಥ ಬರೆದ. ಅದು ಅಚ್ಚಾದದ್ದು 1556ರಲ್ಲಿ, ಅವನು ತೀರಿಕೊಂಡ ಮರುವರ್ಷ. 1912ರಲ್ಲಿ ಅದನ್ನು ಇಂಗ್ಲಿಷಿಗೆ ತಂದವರು ಗಣಿ ಎಂಜಿನಿಯರ್ ಹರ್ಬರ್ಟ್ ಹೂವರ್ ಮತ್ತು ಅವರ ಪತ್ನಿ ಲೂ ಹೆನ್ರಿ ಹೂವರ್. ಈ ಹೂವರ್ ಮುಂದೆ ಅಮೆರಿಕದ ಅಧ್ಯಕ್ಷರಾದರು.

ಅದಿರಿನಲ್ಲಿ ಬೆಳ್ಳಿ ಎಷ್ಟಿದೆ ಎಂದು ತಿಳಿಯುವ ಕ್ರಮವನ್ನು ಅಗ್ರಿಕೋಲಾ ವಿವರಿಸುತ್ತಾನೆ. ಅದಿರನ್ನು ಪುಡಿ ಮಾಡಿ ಸೀಸದ ಜೊತೆ ಕಾಯಿಸಬೇಕು. ಕರಗಿದ ಸೀಸ ಬೆಳ್ಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಆ ಸೀಸವನ್ನು ಮೂಳೆಯ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಿನಲ್ಲಿಟ್ಟು ಮತ್ತೆ ಕಾಯಿಸಿದರೆ ಸೀಸ ಬೂದಿಯೊಳಗೆ ಇಂಗಿಹೋಗಿ ಕೊನೆಗೆ ಬೆಳ್ಳಿಯ ಒಂದು ಸಣ್ಣ ಗುಂಡು ಉಳಿಯುತ್ತದೆ. ಅದನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿದರೆ ಲೆಕ್ಕ ಸಿಕ್ಕಿತು.

ಆದರೆ ಸೀಸವೂ ಅದಿರಿನಿಂದಲೇ ಬಂದದ್ದು, ಅದರಲ್ಲೇ ಒಂದಿಷ್ಟು ಬೆಳ್ಳಿ ಇದ್ದರೆ? ಅದಕ್ಕೆ ಅಗ್ರಿಕೋಲಾ ಹೇಳುವ ಉಪಾಯ ಸರಳ. ಬೆಳ್ಳಿ ಇಲ್ಲದ ಸೀಸ ಸಿಗದಿದ್ದರೆ ಮೊದಲು ಬರೀ ಸೀಸವನ್ನೇ ಬೇರೆಯಾಗಿ ಪರೀಕ್ಷಿಸಿ, ಅದರಲ್ಲಿ ಬಂದ ಬೆಳ್ಳಿಯ ತೂಕವನ್ನು ಲೆಕ್ಕದಿಂದ ಕಳೆಯಬೇಕು. ನನ್ನ ಮಟ್ಟಿಗೆ ಇಡೀ ವಿಧಿವಿಜ್ಞಾನದ ತಳಪಾಯ ಈ ಒಂದು ಮಾತಿನಲ್ಲಿದೆ. ಪರೀಕ್ಷೆಗೆ ಒಳಗಾದ ವಸ್ತುವನ್ನು ಅನುಮಾನಿಸುವ ಮೊದಲು ಪರೀಕ್ಷೆಗೆ ಬಳಸುವ ವಸ್ತುವನ್ನು ಅನುಮಾನಿಸಬೇಕು. ಸೀಸದ ಆ ಗುಂಡನ್ನು ನಾನು ‘ಸಾಕ್ಷಿ ಗುಂಡು’ ಎಂದು ಕರೆಯುತ್ತೇನೆ.

ಕಪ್ಪು ಕನ್ನಡಿ

ಈಗ ಪಾಷಾಣದ ಕಡೆ ಬರೋಣ. ಆರ್ಸೆನೋಪೈರೈಟ್ ಎಂಬ ಅದಿರಿನಲ್ಲಿ ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಸೇರಿವೆ. ಸುತ್ತಿಗೆಯಿಂದ ಹೊಡೆದರೆ ಅಥವಾ ಕಾಯಿಸಿದರೆ ಬೆಳ್ಳುಳ್ಳಿಯ ವಾಸನೆ ಬರುತ್ತದೆ. ಹಳೆಯ ಗಣಿಗಾರರು ಆರ್ಸೆನಿಕ್ಕನ್ನು ಗುರುತಿಸುತ್ತಿದ್ದದ್ದು ಹೀಗೆ. (ಆ ಹೊಗೆ ವಿಷ. ಮಕ್ಕಳು ಇದನ್ನು ಮಾಡಿ ನೋಡಬಾರದು.) ಇಂಥ ಅದಿರನ್ನು ಕುಲುಮೆಯಲ್ಲಿ ಹುರಿದಾಗ ಹೊಗೆಗೂಡಿನ ಒಳಗೋಡೆಗೆ ಬಿಳಿ ಪುಡಿ ಹತ್ತಿಕೊಳ್ಳುತ್ತಿತ್ತು. ಅದೇ ಬಿಳಿ ಆರ್ಸೆನಿಕ್. ಅದಕ್ಕೆ ಗಾಢವಾದ ರುಚಿಯಿಲ್ಲ, ವಾಸನೆಯಿಲ್ಲ. ತಿಂದವರಿಗೆ ಬರುವ ವಾಂತಿ ಭೇದಿ ಕಾಲರಾದಂತೆಯೇ ಕಾಣುತ್ತಿತ್ತು. ಹಾಗಾಗಿ ಕೊಲೆಗಾರರು ಸುಲಭವಾಗಿ ತಪ್ಪಿಸಿಕೊಳ್ಳುತ್ತಿದ್ದರು. ಅದರ ಇನ್ನೊಂದು ಮಗ್ಗುಲೂ ಇತ್ತು: ಕಾಯಿಲೆಯಿಂದ ಸತ್ತವರ ಮನೆಯವರ ಮೇಲೂ ಸುಮ್ಮನೆ ಅಪವಾದ ಬರುತ್ತಿತ್ತು.

1830ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಬೋಡಲ್ ಎಂಬ ಯುವಕ ತನ್ನ ಅಜ್ಜನಿಗೆ ಕಾಫಿಯಲ್ಲಿ ಆರ್ಸೆನಿಕ್ ಹಾಕಿದನೆಂಬ ಆರೋಪ ಬಂತು. ವುಲಿಚ್‌ನ ಶಸ್ತ್ರಾಗಾರದಲ್ಲಿದ್ದ ರಸಾಯನಜ್ಞ ಜೇಮ್ಸ್ ಮಾರ್ಷ್ ಪರೀಕ್ಷೆ ಮಾಡಿ ಹಳದಿ ಗಸಿಯನ್ನು ಕಂಡ. ಆದರೆ ನ್ಯಾಯಾಲಯಕ್ಕೆ ತರುವಷ್ಟರಲ್ಲಿ ಅದು ಕೆಟ್ಟುಹೋಗಿತ್ತು. ಜ್ಯೂರಿಯವರಿಗೆ ಕಣ್ಣಿಗೆ ಕಾಣುವ ಪುರಾವೆ ಇರಲಿಲ್ಲ. ಬೋಡಲ್ ಬಿಡುಗಡೆಯಾದ. ಮುಂದೆ ತಾನೇ ಕೊಂದದ್ದಾಗಿ ಒಪ್ಪಿಕೊಂಡ.

ಮಾರ್ಷ್ ಸುಮ್ಮನೆ ಕೂರಲಿಲ್ಲ. 1836ರಲ್ಲಿ ಹೊಸ ವಿಧಾನ ಪ್ರಕಟಿಸಿದ. ಸತುವಿನ ಮೇಲೆ ಆಮ್ಲ ಹಾಕಿದರೆ ಹೈಡ್ರೋಜನ್ ಅನಿಲ ಬರುತ್ತದೆ ಎಂದು ನಾವೆಲ್ಲ ಹೈಸ್ಕೂಲಿನಲ್ಲೇ ಕಲಿತಿದ್ದೇವೆ. ಆ ಸೀಸೆಯೊಳಗೆ ಅನುಮಾನದ ದ್ರಾವಣವನ್ನೂ ಸೇರಿಸಿದರೆ, ಅದರಲ್ಲಿ ಆರ್ಸೆನಿಕ್ ಇದ್ದ ಪಕ್ಷದಲ್ಲಿ ಅದು ಹೈಡ್ರೋಜನ್ನಿನೊಂದಿಗೆ ಕೂಡಿ ಆರ್ಸೀನ್ ಎಂಬ ಅನಿಲವಾಗಿ ಹೊರಬರುತ್ತದೆ. ಅದನ್ನು ಹೊತ್ತಿಸಿ ಜ್ವಾಲೆಗೆ ತಣ್ಣನೆಯ ಪಿಂಗಾಣಿ ತುಂಡು ಹಿಡಿದರೆ ಹೊಳೆಯುವ ಕಪ್ಪು ಕಲೆ ಕೂರುತ್ತದೆ, ಕಪ್ಪು ಕನ್ನಡಿಯ ಹಾಗೆ. 1 ಮಿಲಿಗ್ರಾಮಿನ 50ನೇ ಒಂದು ಭಾಗದಷ್ಟು ಆರ್ಸೆನಿಕ್ ಇದ್ದರೂ ಸಾಕು. ಆ ಕಲೆಯನ್ನು ಜ್ಯೂರಿಯವರ ಕೈಗೇ ಕೊಡಬಹುದು.

ಫ್ರಾನ್ಸಿನ ಕಬ್ಬಿಣದ ಕುಲುಮೆ ಮಾಲೀಕ ಶಾರ್ಲ್ ಲಾಫಾರ್ಜ್ 1840ರ ಜನವರಿಯಲ್ಲಿ ಸತ್ತಾಗ ಈ ವಿಧಾನಕ್ಕೆ ದೊಡ್ಡ ಪರೀಕ್ಷೆ ಎದುರಾಯಿತು. ಅವನ ಹೆಂಡತಿ ಮಾರಿ ಇಲಿಗೆಂದು ಆರ್ಸೆನಿಕ್ ಕೊಂಡಿದ್ದಳು. ತ್ಯೂಲ್ ನಗರದ ನ್ಯಾಯಾಲಯದಲ್ಲಿ ಸ್ಥಳೀಯ ರಸಾಯನಜ್ಞರು ಒಮ್ಮೆ ಇದೆ ಎಂದರು, ಹೊಸ ವಿಧಾನದಲ್ಲಿ ನೋಡಿ ದೇಹದಲ್ಲಿ ಇಲ್ಲ ಎಂದರು. ಕೊನೆಗೆ ಪ್ಯಾರಿಸಿನಿಂದ ಆ ಕಾಲದ ದೊಡ್ಡ ವಿಷತಜ್ಞ ಮಾಥ್ಯೂ ಒರ್ಫಿಲಾ ಬಂದ. ಸ್ಥಳೀಯರ ಕಣ್ಣೆದುರಿಗೇ ಪ್ರಯೋಗ ಮಾಡಿ ದೇಹದಲ್ಲಿ ಆರ್ಸೆನಿಕ್ ಇದೆ ಎಂದು ತೋರಿಸಿದ. ಅಷ್ಟಕ್ಕೇ ನಿಲ್ಲದೆ, ಅದು ತಾನು ಬಳಸಿದ ರಾಸಾಯನಿಕಗಳಿಂದ ಬಂದದ್ದಲ್ಲ, ಶವಪೆಟ್ಟಿಗೆಯ ಸುತ್ತಲಿನ ಮಣ್ಣಿನಿಂದ ಬಂದದ್ದೂ ಅಲ್ಲ ಎಂದೂ ಹೇಳಿದ. ಅಗ್ರಿಕೋಲಾನ ಸಾಕ್ಷಿ ಗುಂಡು ಗಣಿಯಿಂದ ಕೋರ್ಟಿಗೆ ಬಂದು ನಿಂತಿತ್ತು. ಮಾರಿಗೆ ಜೀವಾವಧಿ ಶಿಕ್ಷೆಯಾಯಿತು. 1852ರಲ್ಲಿ ಬಿಡುಗಡೆಯಾಗಿ ಅದೇ ವರ್ಷ ತೀರಿಕೊಂಡಳು. ಅವಳು ನಿಜಕ್ಕೂ ಅಪರಾಧಿಯೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ.

ತಾಮ್ರದೊಳಗಿದ್ದ ವಿಷ

ಮಣ್ಣನ್ನೂ ರಾಸಾಯನಿಕವನ್ನೂ ಪರೀಕ್ಷಿಸುವುದು ಅಷ್ಟು ಮುಖ್ಯವೇ ಎಂದು ಕೇಳಬಹುದು. ಮಾರ್ಷ್ ಪರೀಕ್ಷೆಗೆ ಬೇಕಾದ ಸತು ಬರುವುದು ಅದಿರಿನಿಂದ, ಅದರಲ್ಲಿ ಆರ್ಸೆನಿಕ್ಕಿನ ಅಂಶ ಇರಬಹುದು. ಗಂಧಕಾಮ್ಲವನ್ನು ಪೈರೈಟ್ ಅದಿರು ಸುಟ್ಟು ತಯಾರಿಸಿದರೆ ಅದರಲ್ಲೂ ಇರಬಹುದು. ಅಂದರೆ ಕಳ್ಳನನ್ನು ಹಿಡಿಯಲು ಹೋದವನ ಜೇಬಿನಲ್ಲೇ ಕಳವಿನ ಮಾಲು ಇದ್ದಂತೆ.

1859ರಲ್ಲಿ ಲಂಡನ್ನಿನಲ್ಲಿ ಆದದ್ದು ಇದೇ. ಥಾಮಸ್ ಸ್ಮೆದರ್ಸ್ಟ್ ಎಂಬ ವೈದ್ಯ, ಹೆಂಡತಿ ಇರುವಾಗಲೇ ಇಸಬೆಲಾ ಬ್ಯಾಂಕ್ಸ್ ಎಂಬಾಕೆಯನ್ನು ಮದುವೆಯಾಗಿದ್ದ. ಆಕೆ ಕಾಯಿಲೆ ಬಿದ್ದು ಸತ್ತಳು. ಇಂಗ್ಲೆಂಡಿನ ಹೆಸರಾಂತ ವಿಷತಜ್ಞ ಆಲ್ಫ್ರೆಡ್ ಸ್ವೇನ್ ಟೇಲರ್ ಪರೀಕ್ಷೆಗೆ ಕೂತರು. ಅವರು ಬಳಸಿದ್ದು ಹ್ಯೂಗೊ ರೈನ್ಷ್ 1841ರಲ್ಲಿ ತಿಳಿಸಿದ ವಿಧಾನ: ಆಮ್ಲ ಬೆರೆಸಿದ ದ್ರಾವಣದಲ್ಲಿ ತಾಮ್ರದ ತುಂಡು ಹಾಕಿ ಕಾಯಿಸಿದರೆ ಆರ್ಸೆನಿಕ್ ಅದರ ಮೇಲೆ ಬೂದು ಬಣ್ಣದ ಪೊರೆಯಾಗಿ ಕೂರುತ್ತದೆ. ಸ್ಮೆದರ್ಸ್ಟ್ ಮನೆಯ ಒಂದು ಬಾಟಲಿಯಲ್ಲಿ ಆರ್ಸೆನಿಕ್ ಸಿಕ್ಕಿತು ಎಂದು ಟೇಲರ್ ಹೇಳಿದರು. ಊರೆಲ್ಲ ಅವನನ್ನು ಕೊಲೆಗಾರ ಎಂದಿತು.

ಆಮೇಲೆ ಗೊತ್ತಾಯಿತು, ಆರ್ಸೆನಿಕ್ ಇದ್ದದ್ದು ಬಾಟಲಿಯಲ್ಲಲ್ಲ, ಟೇಲರ್ ಬಳಸಿದ ತಾಮ್ರದಲ್ಲಿ! ಬಾಟಲಿಯಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಎಂಬ ಔಷಧಿ ತಾಮ್ರವನ್ನು ಕರಗಿಸಿತ್ತು. ಅದಿರಿನ ಕಾಲದಿಂದ ಆ ತಾಮ್ರದೊಳಗೆ ಅಡಗಿದ್ದ ಆರ್ಸೆನಿಕ್ ಹೊರಗೆ ಬಂದಿತ್ತು. ಟೇಲರ್ ನ್ಯಾಯಾಲಯದಲ್ಲಿ ತಪ್ಪನ್ನು ಒಪ್ಪಿಕೊಂಡರು. ಆದರೂ ಜ್ಯೂರಿ ಸ್ಮೆದರ್ಸ್ಟ್‌ನನ್ನು ಅಪರಾಧಿ ಎಂದಿತು, ಮರಣದಂಡನೆಯಾಯಿತು. ಪತ್ರಿಕೆಗಳಲ್ಲಿ, ವೈದ್ಯರಲ್ಲಿ ಗದ್ದಲ ಎದ್ದಿತು. ಗೃಹ ಸಚಿವರು ಹಿರಿಯ ವೈದ್ಯ ಸರ್ ಬೆಂಜಮಿನ್ ಬ್ರೋಡಿಯವರ ಅಭಿಪ್ರಾಯ ಕೇಳಿದರು. ಕೊಲೆ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಿಲ್ಲ ಎಂದು ಅವರು ಹೇಳಿದ ಮೇಲೆ ಸ್ಮೆದರ್ಸ್ಟ್‌ಗೆ ಕ್ಷಮೆ ಸಿಕ್ಕಿತು. ಎರಡನೇ ಮದುವೆಯ ತಪ್ಪಿಗೆ ಮಾತ್ರ ಜೈಲಾಯಿತು.

ಅವನು ಒಳ್ಳೆಯ ಮನುಷ್ಯ ಎಂದು ನಾನು ವಾದಿಸುತ್ತಿಲ್ಲ. ಆದರೆ ಒಬ್ಬನು ಕೆಟ್ಟವನೆಂದು ಜನಕ್ಕೆ ಅನ್ನಿಸಿದಾಗಲೇ ಪುರಾವೆಯನ್ನು ಇನ್ನಷ್ಟು ಒರೆಗೆ ಹಚ್ಚಬೇಕು. ಮೊದಲೇ ಆ ತಾಮ್ರವನ್ನು ಅದೇ ಔಷಧಿಯೊಂದಿಗೆ ಬೇರೆಯಾಗಿ ಕಾಯಿಸಿ ನೋಡಿದ್ದರೆ ಒಂದು ಗಂಟೆಯ ಕೆಲಸ. ಅದನ್ನು ಬಿಟ್ಟದ್ದಕ್ಕೆ ಒಬ್ಬ ಮನುಷ್ಯ ನೇಣುಗಂಬದ ಬುಡದವರೆಗೆ ಹೋಗಿ ಬಂದ.

ನನ್ನ ವೃತ್ತಿಯಲ್ಲೂ ಇದೇ ನಿಯಮವಿದೆ. ನಾವು ಬರೆದ ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಲು ಇನ್ನೊಂದು ಪರೀಕ್ಷಾ ಪ್ರೋಗ್ರಾಂ ಬರೆಯುತ್ತೇವೆ. ಆ ಪರೀಕ್ಷೆ ಎಲ್ಲದಕ್ಕೂ ‘ಪಾಸ್’ ಎನ್ನುತ್ತಿದ್ದರೆ ಅದಕ್ಕೆ ಬೆಲೆಯಿಲ್ಲ. ಬೇಕೆಂದೇ ತಪ್ಪು ಉತ್ತರ ಕೊಟ್ಟು, ಅದು ‘ಫೇಲ್’ ಎನ್ನುತ್ತದೆಯೇ ಎಂದು ಮೊದಲು ನೋಡಬೇಕು.

ಉಗುರಿನ ಸಂದಿಯ ಖನಿಜ

ಅದಿರಿನ ವಿದ್ಯೆ ವಿಧಿವಿಜ್ಞಾನಕ್ಕೆ ಕೊಟ್ಟ ಇನ್ನೊಂದು ಕೊಡುಗೆ ಮಣ್ಣಿನ ಪರೀಕ್ಷೆ. ಆಸ್ಟ್ರಿಯಾದ ಹಾನ್ಸ್ ಗ್ರೋಸ್ 1893ರಲ್ಲಿ ತನಿಖಾಧಿಕಾರಿಗಳಿಗಾಗಿ ಬರೆದ ಕೈಪಿಡಿಯಲ್ಲಿ ಪಾದರಕ್ಷೆಯ ಮಣ್ಣನ್ನು ಗಮನಿಸುವಂತೆ ಹೇಳಿದ್ದ. 1904ರಲ್ಲಿ ಜರ್ಮನಿಯಲ್ಲಿ ಒಬ್ಬ ಮಹಿಳೆಯ ಕೊಲೆಯಾದಾಗ ಸ್ಥಳದಲ್ಲಿ ಒಂದು ಕರವಸ್ತ್ರ ಸಿಕ್ಕಿತು. ಫ್ರಾಂಕ್‌ಫರ್ಟಿನ ಗೇಯಾರ್ಗ್ ಪೋಪ್ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ನಶ್ಯ, ಕಲ್ಲಿದ್ದಲಿನ ಪುಡಿ, ಹಾರ್ನ್‌ಬ್ಲೆಂಡ್ ಎಂಬ ಖನಿಜದ ಕಣಗಳನ್ನು ಗುರುತಿಸಿದ. ಅನುಮಾನಕ್ಕೆ ಒಳಗಾದವನು ಕಲ್ಲಿದ್ದಲು ಉರಿಸುವ ಕಾರ್ಖಾನೆಯಲ್ಲೂ ಜಲ್ಲಿ ಗುಂಡಿಯಲ್ಲೂ ಕೆಲಸ ಮಾಡುತ್ತಿದ್ದವನು. ಅವನ ಉಗುರಿನ ಸಂದಿಯಲ್ಲೂ ಅದೇ ಕಣಗಳು ಸಿಕ್ಕವು. ಅವನ ಪ್ಯಾಂಟಿಗೆ ಹತ್ತಿದ್ದ ಮಣ್ಣು ಕೊಲೆಯಾದ ಜಾಗದ ಮಣ್ಣಿಗೂ ಹೊಂದಿತು. 1910ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಎಡ್ಮಂಡ್ ಲೊಕಾರ್ಡ್ ಪೊಲೀಸ್ ಪ್ರಯೋಗಾಲಯ ತೆರೆದ. ಇಬ್ಬರು ತಾಗಿದರೆ ಇಬ್ಬರಲ್ಲೂ ಏನಾದರೂ ಗುರುತು ಉಳಿಯುತ್ತದೆ ಎಂಬ ತತ್ವ ಅವನ ಹೆಸರಿನಲ್ಲೇ ಪ್ರಸಿದ್ಧವಾಗಿದೆ.

ಈ ಎಲ್ಲ ಕಥೆಗಳಿಂದ ವಿಧಿವಿಜ್ಞಾನದ ಮೂಲ ಪಾಠಗಳನ್ನು ಹೀಗೆ ಹೇಳಬಹುದು. ಮಾದರಿಯನ್ನು ಸರಿಯಾಗಿ ತೆಗೆಯಬೇಕು, ಯಾರು ಯಾವಾಗ ತೆಗೆದರು ಎಂದು ಬರೆದು ಮೊಹರು ಹಾಕಬೇಕು. ಎಲ್ಲವನ್ನೂ ಖರ್ಚು ಮಾಡದೆ ಮರುಪರೀಕ್ಷೆಗೆ ಒಂದು ಪಾಲು ಉಳಿಸಬೇಕು. ಒಂದೇ ಗುಣ ನೋಡಿ ತೀರ್ಮಾನಿಸಬಾರದು. ಸಾಕ್ಷಿ ಗುಂಡನ್ನು ಮರೆಯಬಾರದು. ಅದಿರಿನ ರಾಶಿಯ ಮಾದರಿ ತೆಗೆಯುವವರಿಗೂ ಇದೇ ಕ್ರಮ. ರಾಶಿಯ ಮೇಲಿನ ಒಳ್ಳೆಯ ಕಲ್ಲನ್ನಷ್ಟೇ ಆರಿಸಿದರೆ ಕಬ್ಬಿಣದ ಪ್ರಮಾಣದ ಲೆಕ್ಕವೇ ಸುಳ್ಳಾಗುತ್ತದೆ, ಲೆಕ್ಕ ಸುಳ್ಳಾದರೆ ಬೆಲೆಯೂ ಸುಳ್ಳು.

ನಮ್ಮ ಸೀಮೆಗೆ ಬಂದರೆ

ಭಾರತದಲ್ಲಿ ಇಂಥ ಮೊದಲ ಸರ್ಕಾರಿ ಪ್ರಯೋಗಾಲಯ 1849ರಲ್ಲಿ ಮದರಾಸಿನಲ್ಲಿ ಆರಂಭವಾಯಿತು. ಬಳ್ಳಾರಿ ಜಿಲ್ಲೆ ಆಗ ಮದರಾಸ್ ಪ್ರಾಂತ್ಯದಲ್ಲಿತ್ತು. ಇಂದು ನಮ್ಮ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ಬೆಂಗಳೂರಿನ ಮಡಿವಾಳದಲ್ಲಿದೆ.

ಪಾಷಾಣದ ಕಥೆಯೂ ನಮಗೆ ದೂರದ್ದಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯ ಬಂಗಾರದ ಅದಿರಿನಲ್ಲಿ ಆರ್ಸೆನೋಪೈರೈಟ್ ಇದೆ. ಬಂಗಾರ ಮತ್ತು ಆರ್ಸೆನಿಕ್ ಭೂಮಿಯೊಳಗೆ ಜೊತೆಯಾಗಿ ಇರುವುದು ಸಾಮಾನ್ಯ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಇರುವುದೂ, ಆ ನೀರು ಕುಡಿದವರ ಚರ್ಮದ ಮೇಲೆ ಅದರ ಗುರುತು ಮೂಡಿರುವುದೂ ಪತ್ತೆಯಾಗಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟು ಸಣ್ಣ ಪ್ರಮಾಣ ಕಣ್ಣಿಗೂ ನಾಲಿಗೆಗೂ ಸಿಗುವುದಿಲ್ಲ. ನೀರು ತಿಳಿಯಾಗಿದೆ, ಸಿಹಿಯಾಗಿದೆ ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು. ಪರೀಕ್ಷೆಯೊಂದೇ ದಾರಿ. ಇಲ್ಲಿ ಕೊಲೆಗಾರನಿಲ್ಲ, ಕೋರ್ಟಿಲ್ಲ, ಆದರೆ ಜೀವಗಳಿವೆ.

ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಶಾಲೆಯ ಪ್ರಯೋಗಾಲಯಕ್ಕೆ ಒಂದು ಅದಿರಿನ ಪೆಟ್ಟಿಗೆ ಮಾಡಿಕೊಡೋಣ. ಸಂಡೂರಿನ ಹೆಮಟೈಟ್, ಮ್ಯಾಂಗನೀಸ್, ಮ್ಯಾಗ್ನಟೈಟ್, ಪೈರೈಟ್, ಬಿಳಿಗಲ್ಲು, ನಾಲ್ಕು ಬಿಳಿ ಹೆಂಚು, ಒಂದು ಅಯಸ್ಕಾಂತ, ಒಂದು ತಕ್ಕಡಿ. ಇದಕ್ಕೆ ದೊಡ್ಡ ಖರ್ಚಿಲ್ಲ. ಆ ಪೆಟ್ಟಿಗೆಯಲ್ಲಿ ಹೆಸರು ಬರೆಯದ ಒಂದೆರಡು ಕಲ್ಲುಗಳೂ ಇರಲಿ. ಮಕ್ಕಳೇ ಉಜ್ಜಿ, ತೂಗಿ, ಇದು ಇಂಥದ್ದು ಎಂದು ಕಾರಣ ಸಮೇತ ಬರೆಯಲಿ. ಬೋರ್‌ವೆಲ್ ನೀರು ಪರೀಕ್ಷಿಸುವ ದಿನ ಶುದ್ಧ ನೀರಿನ ಒಂದು ನಳಿಕೆಯನ್ನೂ ಪಕ್ಕದಲ್ಲಿಟ್ಟು ಅದೇ ರಾಸಾಯನಿಕ ಹಾಕಿ ನೋಡಲಿ.

ಪೆಟ್ಟಿಗೆಯ ಮೊದಲ ಐದು ಕಲ್ಲುಗಳನ್ನು ನಾನು ತಂದುಕೊಡುತ್ತೇನೆ.